ಹಾಡು ಬಂದಾಗ ಹೋಗುವ ಕರೆಂಟು

“ಬೆಳಕು ಬಿಡೋದನ್ನೇ ಕಸುಬು ಮಾಡಿಕೊಂಡವನು ಕತ್ತಲೆ ಮಾಡ್ತಾನಾ?”

ಠಾಣೆಯ ಬೆಂಚಿನ ಮೇಲೆ ಕುಳಿತ ಮುದುಕ ಇದನ್ನು ಎದುರಿನ ಗೋಡೆಗೆ ಕೇಳಿದ. ಚಿತ್ರಮಂದಿರದ ನಿವೃತ್ತ ಆಪರೇಟರ್ ಆತ. ಹಳೆಯ ಚಿತ್ರ ಹಾಕುವ ಶನಿವಾರಗಳಲ್ಲಿ ಮಾತ್ರ ಕರೆ ಬರುತ್ತಿತ್ತು. ಆ ಶನಿವಾರಗಳಲ್ಲೇ, ಸರಿಯಾಗಿ ಹಾಡು ಬಂದಾಗ, ಕರೆಂಟು ಹೋಗುತ್ತಿತ್ತು. ಕಳೆದ ವಾರ ಆ ಕತ್ತಲಲ್ಲಿ ಪ್ರೇಕ್ಷಕನೊಬ್ಬ ಮೆಟ್ಟಿಲಿಂದ ಉರುಳಿ ಕಾಲು ಮುರಿದುಕೊಂಡ. ಮಾಲೀಕ ದೂರು ಕೊಟ್ಟ, ಎಫ್‌ಐಆರ್ ಆಯಿತು.

“ಆ ಮುದುಕ ಬಂದ ದಿನವೇ ಹೋಗುತ್ತೆ ಮೇಡಂ. ಇನ್ನೇನು ಸಾಕ್ಷಿ ಬೇಕು?” ಎಂದ ಮಾಲೀಕ.

ಚಿತ್ರಮಂದಿರದಲ್ಲಿ ಪಂಚನಾಮೆ ಮುಗಿಸಿದ ಇನ್ಸ್‌ಪೆಕ್ಟರ್, ಅಲ್ಲಿನ ಆಟದ ವೇಳೆ ಬರೆಯುವ ಕಪ್ಪುಹಲಗೆಯ ಮೇಲೆ ‘ಆಪರೇಟರ್’ ಎಂದೂ ಪಕ್ಕದಲ್ಲಿ ‘ಕತ್ತಲು’ ಎಂದೂ ಬರೆದು, ಮೊದಲಿನದರಿಂದ ಎರಡನೆಯದಕ್ಕೆ ಬಾಣ ಎಳೆದರು.

“ಈ ಬಾಣ ನಿಲ್ಲಬೇಕಾದ್ರೆ ಇವೆರಡರ ಹಿಂದೆ ಮೂರನೆಯದು ಏನೂ ಇಲ್ಲ ಅಂತ ನಂಬಬೇಕು. ನಾವು ಕೇಳದೇನೇ ನಂಬಿಬಿಟ್ಟಿದ್ದೀವಿ.” ಮೇಲೆ ‘ಹಳೆಯ ಚಿತ್ರ’ ಎಂದು ಬರೆದು ಎರಡೂ ಕಡೆ ಬಾಣ ಇಳಿಸಿದರು. “ಆಪರೇಟರನ್ನ ಕರೆಸೋ ಚಿತ್ರವೇ ಕತ್ತಲನ್ನೂ ಕರೆಸ್ತಿದ್ರೆ?”

“ಚಿತ್ರಾನ ಅರೆಸ್ಟ್ ಮಾಡೋಕಾಗುತ್ತಾ ಮೇಡಂ?” ಪೇದೆ ಕೇಳಿದ.

“ನಿನ್ನ ನಾಲಿಗೇನ ಮಾಡಬಹುದು. ಮೊದಲು ಆಪರೇಟರಿಗೂ ಚಿತ್ರಕ್ಕೂ ಇರೋ ಗಂಟು ಬಿಚ್ಚಿ ನೋಡೋಣ.”

ಶುಕ್ರವಾರ ಹೊಸ ಚಿತ್ರವನ್ನು ಮುದುಕನಿಂದಲೇ ಓಡಿಸಿದರು. ದೀಪ ಮಿಣುಕಲೂ ಇಲ್ಲ. ಶನಿವಾರ ಹಳೆಯ ಚಿತ್ರಕ್ಕೆ ಬೇರೆಯವನನ್ನು ಕೂರಿಸಿ, ಮುದುಕನನ್ನು ಠಾಣೆಯಲ್ಲೇ ಉಳಿಸಿಕೊಂಡರು. ಸಂಜೆ ಏಳೂಕಾಲಿಗೆ ಹಾಡು ಶುರುವಾಯಿತು. ಕರೆಂಟು ಹೋಯಿತು.

ಟಿಕೆಟ್ ಕೌಂಟರಿನ ಹಿಂದಿನ ಮೇನ್ ಸ್ವಿಚ್ ಕೋಣೆಯಲ್ಲಿ ಬಾಗಿಲ ಮರೆಗೆ ನಿಂತಿದ್ದ ಇನ್ಸ್‌ಪೆಕ್ಟರ್ ಹಿಡಿದದ್ದು ಬಳೆ ತೊಟ್ಟ, ಸುಕ್ಕುಗಟ್ಟಿದ ಮಣಿಕಟ್ಟನ್ನು. ಮಾಲೀಕನ ದೊಡ್ಡಮ್ಮ! ಹಳೆಯ ಚಿತ್ರವಿದ್ದರೆ ಮಾತ್ರ ಟಿಕೆಟ್ ಕೊಡಲು ಬರುತ್ತಿದ್ದವರು.

ಠಾಣೆಯಲ್ಲಿ ಅವರು ಏನನ್ನೂ ಮುಚ್ಚಿಡಲಿಲ್ಲ.

“ಆಗೆಲ್ಲ ಕರೆಂಟು ಹೋದ್ರೆ ಯಾರೂ ಏಳ್ತಿರಲಿಲ್ಲಮ್ಮ. ನಿಂತ ಹಾಡನ್ನ ಜನವೇ ಮುಂದುವರಿಸೋರು. ನಮ್ಮೆಜಮಾನರು ಹಿಂದಿನ ಸಾಲಿಂದ ಎತ್ತಿಕೊಡೋರು, ಕ್ಯಾಬಿನ್ನಿಂದ ಇವನು ದನಿ ಕೂಡಿಸೋನು. ಕತ್ತಲಿಗೇ ಗಂಟಲು ಬಂದ ಹಾಗಿರೋದು. ಈಗ ಮೊಬೈಲ್ ಬೆಳಕು ಹಾಕಿ ಬೈತಾರೆ. ಇನ್ನೊಂದೇ ಸಲ ಕೇಳಬೇಕಿತ್ತು.”

ಬಂಧನದ ಕಾಗದಕ್ಕೆ ಸಹಿ ಹಾಕಿ ದೊಡ್ಡಮ್ಮ ಆಪರೇಟರನತ್ತ ತಿರುಗಿದರು.

“ತಮ್ಮಾ, ಆ ಹಾಡಿಂದು ಒಂದು ಸಾಲು ಹೇಳೋ.”

ಮುದುಕನ ಬೆರಳುಗಳು ತೊಡೆಯ ಮೇಲೆ ತಾಳ ಹಿಡಿದವು, ಆಮೇಲೆ ನಿಂತವು.

“ನನ್ನನ್ನ ಇದೇ ಬೆಂಚಿನ ಮೇಲೆ ಕೂರಿಸಿದಾಗ ನೀವು ಬಾಯಿ ಬಿಡಲಿಲ್ಲ. ನಾನೂ ಬಿಡಲ್ಲ, ಅಕ್ಕಾ.”