ಜುಲೈ ತಿಂಗಳ ಅರ್ಧ ಮಳೆ

“ಇಪ್ಪತ್ಮೂರು ಇಂಚು ಹತ್ತು ಸೆಂಟ್ಸಾ?” ರುದ್ರಪ್ಪಜ್ಜ ಕಪ್ಪು ಕನ್ನಡಕವನ್ನು ಹಣೆಗೆ ಏರಿಸಿದರು. “ಇನ್ನೊಂದ್ಸಲ ಕೂಡು ಮಾರಾಯ್ತಿ.”

“ನಾನಲ್ಲ ಅಜ್ಜ, ಕಂಪ್ಯೂಟರೇ ಕೂಡಿದ್ದು,” ಎಂದಳು ರಕ್ಷಾ.

“ಬೇಲಿ ಆಚೆ ಮಂಜಯ್ಯನ ತೋಟದಲ್ಲಿ ನಲವತ್ತೊಂದು ಇಂಚು. ಮೋಡ ಏನು ನಮ್ಮ ಬೇಲಿ ನೋಡಿ ನಿಂತ್ಬಿಡ್ತಾ?”

ರಕ್ಷಾಳಿಗೂ ಅದೇ ಅರ್ಥವಾಗಿರಲಿಲ್ಲ.

ಬಾಳೂರಿನ ಆ ಮನೆಯಲ್ಲಿ ದಿನಾ ಬೆಳಿಗ್ಗೆ ಏಳಕ್ಕೆ ಮಳೆ ಅಳೆಯುತ್ತಿದ್ದರು. ಮನೆ ಮುಂದಿನ ಕಣದ ಮೂಲೆಯ ರೇನ್‌ಗೇಜ್‌ನಲ್ಲಿ ನಿಂತ ನೀರನ್ನು ಗೆರೆ ಹಾಕಿದ ಗ್ಲಾಸಿಗೆ ಬಗ್ಗಿಸಿ ನೋಡಬೇಕು, ಚೆಲ್ಲಬೇಕು, ಡಬ್ಬವನ್ನು ಮತ್ತೆ ಅಲ್ಲೇ ಇಡಬೇಕು. ನೂರು ಸೆಂಟ್ಸ್ ಸೇರಿದರೆ ಒಂದು ಇಂಚು. ಮೂವತ್ತೆಂಟು ವರ್ಷದಿಂದ ಅಜ್ಜ ಒಂದು ದಿನವೂ ತಪ್ಪಿಸದೆ ಅದನ್ನು ಪುಸ್ತಕದಲ್ಲಿ ಬರೆದಿದ್ದರು.

ಜೂನ್ ಕೊನೆಗೆ ಅಜ್ಜನ ಕಣ್ಣಿಗೆ ಆಪರೇಷನ್ ಆಯಿತು. ಒಂದು ತಿಂಗಳು ಮಳೆಗೆ ಹೋಗಬಾರದು ಎಂದರು ಡಾಕ್ಟರ್. “ನಾನು ಅಳೀತೀನಿ ಅಜ್ಜ! ಕಂಪ್ಯೂಟರಲ್ಲೇ ಬರೀತೀನಿ!” ಎಂದಿದ್ದಳು ಐದನೇ ಕ್ಲಾಸಿನ ರಕ್ಷಾ.

ಅಳೆದಿದ್ದಳು ಕೂಡ. ಆದರೆ ಕೆಲವು ದಿನ ರಾತ್ರಿಯಿಡೀ ಹೆಂಚು ಒಡೆಯುವ ಹಾಗೆ ಸುರಿದಿದ್ದರೂ ಡಬ್ಬದಲ್ಲಿ ಇದ್ದದ್ದು ಮೂರೋ ನಾಲ್ಕೋ ಸೆಂಟ್ಸ್! ಡಬ್ಬ ತೂತಾಗಿದೆಯೇನೋ ಎಂದು ಒಂದು ದಿನ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದ್ದಳು. ತೂತು ಇರಲಿಲ್ಲ.

“ಲೆಕ್ಕ ಸರಿಯಾಗದೆ ನಾನು ಪುಸ್ತಕಕ್ಕೆ ಹಾಕಲ್ಲ,” ಎಂದರು ಅಜ್ಜ. “ಈ ಜುಲೈ ಖಾಲಿ ಬಿಡೋದೇ.” ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ರಕ್ಷಾಳ ಕಣ್ಣು ತುಂಬಿತು.

ಅಜ್ಜ ಎದ್ದು ಹೋದ ಮೇಲೆ ಎಂಟನೇ ಕ್ಲಾಸಿನ ಅಕ್ಕ ಧನ್ಯಾ ಅಡುಗೆಮನೆಯಿಂದ ಬಂದಳು. “ಏನೇ, ನಾನು ಬರೆದಿದ್ದನ್ನೂ ಸೇರಿಸಿದ್ಯಾ?”

“ನೀನು ಏನು ಬರೆದಿದ್ದೆ?”

“ಮಳೆ ಕಣೇ! ನೀನು ಏಳದೇ ಇದ್ದ ದಿನ ನಾನೇ ಅಳೆದು, ಟೈಪ್ ಮಾಡಿ ಜೀಪ್ ಹತ್ತತಿದ್ದೆ. ಡಾಕ್ಯುಮೆಂಟ್ಸ್‌ನಲ್ಲೇ ಇಟ್ಟಿದೀನಿ.”

ರಕ್ಷಾ ಓಡಿಹೋಗಿ ಕಂಪ್ಯೂಟರ್ ಆನ್ ಮಾಡಿ ಡಾಕ್ಯುಮೆಂಟ್ಸ್ ತೆಗೆದಳು. “ಎಲ್ಲಿದೆ? ಸುಳ್ಳಿ!”

“ಸುಳ್ಳಿ ನೀನು! ಡಿಲೀಟ್ ಮಾಡಿರ್ತೀಯ. ಸರಿ ಆಚೆ.” ಧನ್ಯಾ ಅದನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ, ತನ್ನ ಡಾಕ್ಯುಮೆಂಟ್ಸ್ ತೆಗೆದಳು. ಅಲ್ಲಿ ‘ಮಳೆ’ ಇತ್ತು. ರಕ್ಷಾ ಬರೆದದ್ದು ಮಾತ್ರ ಒಂದೂ ಇರಲಿಲ್ಲ.

“ನಂದೆಲ್ಲಿ ಹೋಯ್ತು?” ರಕ್ಷಾ ಪರದೆಯ ಹಿಂದೆ ಬಗ್ಗಿ ನೋಡಿದಳು.

ಮಧ್ಯಾಹ್ನ ಕಳಸದಿಂದ ವೀರೇಂದ್ರ ಮಾವ ಬಂದ. ಈ ಕಂಪ್ಯೂಟರ್ ಅವನೇ ಕೊಟ್ಟದ್ದು. ಇಬ್ಬರ ಜಗಳ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡ.

“ಆನ್ ಮಾಡಿದಾಗ ಎರಡು ಹೆಸರು ಬರುತ್ತಲ್ಲ, ರಕ್ಷಾ ಯಾವುದು ಒತ್ತತೀಯ?”

“ಮೇಲಿಂದು. ಸ್ಕೂಲ್ ಪಾಠ ಇರೋದು.”

“ನಾನು ಕೆಳಗಿಂದು. ನೀವು ಆಮೇಲೆ ಹಾಕಿಕೊಟ್ರಲ್ಲ ಮಾವ,” ಎಂದಳು ಧನ್ಯಾ.

“ಅವು ಎರಡು ಬೇರೆ ಬೇರೆ ಲಿನಕ್ಸ್, ಅಂದ್ರೆ ಕಂಪ್ಯೂಟರ್ ನಡೆಸೋ ಸಾಫ್ಟ್‌ವೇರ್. ಡಬ್ಬ ಒಂದೇ, ಒಳಗೆ ಮನೆ ಎರಡು. ಎರಡು ಮನೇಲೂ ಡಾಕ್ಯುಮೆಂಟ್ಸ್ ಅಂತ ಒಂದೊಂದು ಕಪಾಟು. ಇದರಲ್ಲಿ ಇಟ್ಟಿದ್ದು ಅದರಲ್ಲಿ ಎಲ್ಲಿಂದ ಬರಬೇಕು? ನಾನು ಅವತ್ತೇ ಹೇಳಬೇಕಿತ್ತು.”

“ಹಾಗಾದ್ರೆ ಒಂದನ್ನ ತೆಗೆದುಬಿಡು,” ಎಂದರು ಅಜ್ಜ.

“ಬೇಡ ದೊಡ್ಡಪ್ಪ, ಎರಡೂ ಇರಲಿ.” ಮಾವ ಮೊದಲು ಎಲ್ಲವನ್ನೂ ಪೆನ್‌ಡ್ರೈವ್‌ಗೆ ತೆಗೆದಿಟ್ಟ. ಆಮೇಲೆ ಡಿಸ್ಕ್‌ನಲ್ಲಿ ಖಾಲಿ ಇದ್ದ ಜಾಗವನ್ನು ಬೇರೆ ಮಾಡಿದ. ಎರಡು ಲಿನಕ್ಸ್‌ಗೂ ಆ ಜಾಗ ತೋರಿಸಿಕೊಟ್ಟ. “ಇನ್ನು ಯಾವುದರಿಂದ ಬಂದ್ರೂ ಇದು ತೆರೆಯುತ್ತೆ. ಹೆಸರಿಡಿ.”

“ಕಣ,” ಎಂದಳು ರಕ್ಷಾ.

ಎರಡು ಪಟ್ಟಿಗಳನ್ನೂ ‘ಕಣ’ದೊಳಗೆ ಪಕ್ಕಪಕ್ಕ ಇಟ್ಟರು. ಜುಲೈ ಐದು: ಅಕ್ಕನದು ಎರಡು ಇಂಚು ಹತ್ತು ಸೆಂಟ್ಸ್, ರಕ್ಷಾಳದು ನಾಲ್ಕು ಸೆಂಟ್ಸ್. ಒಂಬತ್ತರಂದೂ ಹಾಗೇ. ಅಂಥ ಹನ್ನೊಂದು ದಿನ. ಅಕ್ಕ ಅಳೆದು ಚೆಲ್ಲಿ ಹೋದ ಮೇಲೆ, ಒಂದು ಗಂಟೆಯಲ್ಲಿ ಬಿದ್ದ ಹನಿಯನ್ನಷ್ಟೇ ತಡವಾಗಿ ಎದ್ದ ರಕ್ಷಾ ಅಳೆದಿದ್ದಳು.

“ಎರಡೂ ಕೂಡು,” ಎಂದರು ಅಜ್ಜ.

ನಲವತ್ತು ಇಂಚು ಎಪ್ಪತ್ತು ಸೆಂಟ್ಸ್!

ಅಜ್ಜ ಪುಸ್ತಕ ತರಿಸಿದರು. ಪೆನ್ನಿನ ಕ್ಯಾಪ್ ತೆಗೆದು ಕೇಳಿದರು, “ಈ ಹನ್ನೊಂದು ದಿನ ಏಳು ಗಂಟೆಗೆ ಅಳೆದದ್ದು ಯಾರು?”

ಧನ್ಯಾ ಗೋಡೆಯ ಕ್ಯಾಲೆಂಡರ್ ನೋಡತೊಡಗಿದಳು. ತಾನು ಏಳದಿದ್ದುದನ್ನು ಇಡೀ ಜುಲೈ ಅವಳು ಯಾರಿಗೂ ಹೇಳಿರಲಿಲ್ಲ ಎಂದು ರಕ್ಷಾಳಿಗೆ ಆಗ ಹೊಳೆಯಿತು.

“ಅಕ್ಕ,” ಎಂದಳು. “ನಾನು ಮಲಗಿದ್ದೆ.”

ಅಜ್ಜ ಪುಸ್ತಕದಲ್ಲಿ ಬರೆದುಕೊಂಡರು.

ಮರುದಿನ ಏಳಕ್ಕೆ ಐದು ನಿಮಿಷ ಇರುವಾಗಲೇ ರಕ್ಷಾ ಕೊಡೆ ಹಿಡಿದು ರೇನ್‌ಗೇಜ್ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಧನ್ಯಾ ಬ್ಯಾಗ್ ಹಾಕಿಕೊಂಡು ಬಂದಳು.

“ಎಷ್ಟು?”

“ಒಂದು ಇಂಚು ಎಂಬತ್ತು. ನೀನೇ ಬರಿ ಅಕ್ಕ, ನನ್ನ ಕೈ ಒದ್ದೆ.”

ಜೀಪ್ ಹಾರ್ನ್ ಹೊಡೆಯಿತು. ಧನ್ಯಾ ಒಳಗೆ ಓಡಿ, ಟೈಪ್ ಮಾಡಿ, ಹೊರಗೆ ಓಡಿದಳು.

ಸಂಜೆ ರಕ್ಷಾ ಕಂಪ್ಯೂಟರ್ ಆನ್ ಮಾಡಿ ಮೇಲಿನ ಹೆಸರನ್ನೇ ಒತ್ತಿದಳು. ‘ಕಣ’ ತೆರೆದಳು. ಒಂದು ಇಂಚು ಎಂಬತ್ತು ಸೆಂಟ್ಸ್ ಅಲ್ಲೇ ಇತ್ತು. ಅದರ ಪಕ್ಕದ ಚೌಕದಲ್ಲಿ ಅಕ್ಕ ಇನ್ನೊಂದು ಮಾತು ಸೇರಿಸಿದ್ದಳು: ‘ಅಳೆದದ್ದು ರಕ್ಷಾ.’

ರಕ್ಷಾ ಅದನ್ನು ಎರಡು ಸಲ ಓದಿದಳು. ಆಮೇಲೆ ಮೇಲಕ್ಕೆ, ಜುಲೈ ಐದಕ್ಕೆ ಹೋಗಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಹನ್ನೊಂದು ಸಲ ಅಕ್ಕನ ಹೆಸರು ಬರೆದಳು.