ಉಳಿದ ಒಂದು ಬೆರಳು

ಟಿಕ್. ಟಿಕ್. ಟಿಕ್.

ಹೆಪ್ಸಿಬಾ ಕಣ್ಣು ಬಿಟ್ಟಳು. ಹಲ್ಲಿ ಇರಬೇಕು ಅಂದುಕೊಂಡಳು. ಆದರೆ ಯಾವ ಹಲ್ಲಿ ಇಷ್ಟು ಹೊತ್ತು, ಒಂದೇ ಸಮನೆ ಲೊಚಗುಟ್ಟುತ್ತದೆ? ಪಕ್ಕದಲ್ಲಿ ಅಮ್ಮ ಮಲಗಿದ್ದಳು. ಆಚೆಗಿದ್ದ ಅಪ್ಪನ ಚಾಪೆ ಖಾಲಿ.

ಅವಳು ಬೆಕ್ಕಿನ ಹೆಜ್ಜೆ ಇಟ್ಟು ಹಿತ್ತಲ ಬಾಗಿಲಿಗೆ ಹೋಗಿ, ಸಂದಿಯಲ್ಲಿ ಇಣುಕಿದಳು.

ಸೌದೆ ಕೊಟ್ಟಿಗೆಯಲ್ಲಿ ಮೊಬೈಲ್ ಟಾರ್ಚ್ ಉರಿಯುತ್ತಿತ್ತು. ಅಪ್ಪ ನೆಲದ ಮೇಲೆ ಕುಳಿತಿದ್ದ. ಸದ್ದು ಕೇಳಿಸದಿರಲೆಂದು ಸುತ್ತಿಗೆಗೆ ಹಳೇ ಬಟ್ಟೆ ಸುತ್ತಿದ್ದ. ಮುಂದೆ ಎರಡಡಿ ಎತ್ತರದ ಸರಸ್ವತಿಯ ವಿಗ್ರಹ. ವೀಣೆಯ ಮೇಲಿದ್ದ ಕೈಯಲ್ಲಿ ನಾಲ್ಕು ಬೆರಳು ಮೂಡಿದ್ದವು. ಕಿರುಬೆರಳು ಇನ್ನೂ ಕಲ್ಲಿನೊಳಗೇ ಇತ್ತು. ಅಪ್ಪ ಉಫ್ ಎಂದು ಊದಿದ. ಕಲ್ಲಿನ ಪುಡಿ ಬೆಳಕಿನಲ್ಲಿ ಹೊಗೆಯಂತೆ ಎದ್ದಿತು.

ಹೆಪ್ಸಿಬಾ ಸಂದಿಯಿಂದ ಹಿಂದೆ ಸರಿದಳು. ಇನ್ನು ಮುಂದೆ ಉಳಿ ಮುಟ್ಟುವುದಿಲ್ಲ ಎಂದು ಅಪ್ಪ ಮಾತು ಕೊಟ್ಟು ಇನ್ನೂ ಒಂದು ತಿಂಗಳಾಗಿಲ್ಲ. ಅದೂ ಚರ್ಚಿನಲ್ಲಿ, ಎಲ್ಲರ ಮುಂದೆ ನಿಂತು.

ಅವರ ಊರು ಶಿವಾರಪಟ್ಟಣದಲ್ಲಿ ಯಾವ ಬೀದಿಗೆ ಹೋದರೂ ಕಲ್ಲು ಕೆತ್ತುವ ಸದ್ದೇ. ಅಪ್ಪ ಅರುಣ್‌ಕುಮಾರ್ ಒಂಬತ್ತು ವರ್ಷದವನಿದ್ದಾಗಲೇ ಊರಿನ ಹಿರಿಯ ಶಿಲ್ಪಿ ಚನ್ನರಾಯಪ್ಪ ತಾತನ ಬಳಿ ಕೆಲಸ ಕಲಿತವನು. ಬೆರಳು, ಉಗುರು ಬಿಡಿಸುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ಆದರೆ ಹೋದ ವರ್ಷ ಚರ್ಚಿನ ಕಮಿಟಿ ತೀರ್ಮಾನ ಮಾಡಿತು: ವಿಗ್ರಹ ಮಾಡುವವನಿಗೆ ಪ್ರಭುಭೋಜನದ ರೊಟ್ಟಿ, ಯೇಸುವಿನ ನೆನಪಿಗೆ ಆರಾಧನೆಯಲ್ಲಿ ಹಂಚುವ ರೊಟ್ಟಿ, ಇಲ್ಲ. ಒಂದು ವರ್ಷ ಅಪ್ಪ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ. ಕೊನೆಗೆ ಉಳಿ ಬಿಟ್ಟು, ನರಸಾಪುರದ ಕಂಪನಿಯೊಂದಕ್ಕೆ ಪ್ಯಾಕಿಂಗ್ ಕೆಲಸಕ್ಕೆ ಹೋಗತೊಡಗಿದ. ನಾಳೆ ಭಾನುವಾರ ಅವನಿಗೆ ಮತ್ತೆ ರೊಟ್ಟಿ ಸಿಗುವುದಿತ್ತು. ಅಮ್ಮ ಆಗಲೇ ಅವನ ಬಿಳಿ ಶರ್ಟಿಗೆ ಇಸ್ತ್ರಿ ಹಾಕಿ ಇಟ್ಟಿದ್ದಳು.

ಅಪ್ಪ ಯಾಕೆ ಹೀಗೆ ಮಾಡಿದ ಎಂದು ಹೆಪ್ಸಿಬಾಳಿಗೆ ಗೊತ್ತಿತ್ತು. ಹೋದ ವಾರ ಅವನ ಜೊತೆ ತಾತನನ್ನು ನೋಡಲು ಹೋಗಿದ್ದಳು. ಸ್ಟ್ರೋಕ್ ಆಗಿ ತಾತನ ಬಲಗೈ ಮೇಲೇಳುತ್ತಿರಲಿಲ್ಲ.

"ತಾಯಲೂರು ಸ್ಕೂಲಿನ ಸರಸ್ವತಿ, ನಾಯ್ನಾ," ಅಂದಿದ್ದರು ತಾತ. "ಬೆರಳು ಮಾತ್ರ ಬಾಕಿ. ನಿನ್ನ ಬಿಟ್ಟು ಬೇರೆಯೋರ ಕೈಗೆ ಕೊಡೋಕೆ ಮನಸ್ಸು ಬರ್ತಾ ಇಲ್ಲ."

ಅಪ್ಪ ವಿಗ್ರಹದ ಮೇಲಿನ ಗೋಣಿ ಸರಿಸಿ, ಬೆರಳು ಮೂಡದ ಆ ಕೈಯನ್ನು ಸವರಿದ್ದ.

ಮರುದಿನ ಬೆಳಿಗ್ಗೆ ಸಂಡೆ ಸ್ಕೂಲಿನಲ್ಲಿ ದೇವಪ್ರಸಾದ್ ಮೇಷ್ಟ್ರು ಪ್ರಭುಭೋಜನದ ಪಾಠ ಮಾಡಿದರು. ಕಮಿಟಿಯ ಹಿರಿಯರೂ ಅವರೇ.

"ಯೋಗ್ಯತೆ ಇಲ್ಲದೆ ಆ ರೊಟ್ಟಿ ತಿಂದರೆ ಏನಾಗುತ್ತೆ? ಅವನು ತನ್ನ ಮೇಲೆ ತಾನೇ ದೇವರ ಶಿಕ್ಷೆ ತಂದ್ಕೊಳ್ತಾನೆ."

ಜೋಯಲ್ ಕೈ ಎತ್ತಿದ. "ಶಿಕ್ಷೆ ಅಂದ್ರೆ ಏನ್ ಸಾರ್? ಬಸ್ಕಿನಾ?"

ಎಲ್ಲರೂ ಕಿಸಕ್ಕೆಂದು ನಕ್ಕರು. ಮೇಷ್ಟ್ರು ನಗಲಿಲ್ಲ. "ಕಾಯಿಲೆ ಬರುತ್ತೆ. ಸಾವೂ ಬರಬಹುದು."

ನಗು ನಿಂತಿತು. ಜೋಯಲ್ ಹೆಪ್ಸಿಬಾಳ ಕಡೆ ಬಾಗಿ ಪಿಸುಗುಟ್ಟಿದ. "ಲೇ ಹೆಪ್ಸಿ, ಇವತ್ತು ನಿಮ್ಮಪ್ಪನ ರಿಸಲ್ಟ್ ಕಣೇ. ಪಾಸಾ, ಫೇಲಾ?"

ಹೆಪ್ಸಿಬಾ ಪುಸ್ತಕದಲ್ಲೇ ಕಣ್ಣು ನೆಟ್ಟಳು. ರಾತ್ರಿ ಕಂಡದ್ದನ್ನು ಹೇಳಿದರೆ ಅಪ್ಪ ಮತ್ತೆ ಹಿಂದಿನ ಬೆಂಚಿಗೆ. ಹೇಳದಿದ್ದರೆ ಅಪ್ಪ ಸಾಯಬಹುದು.

ಚರ್ಚಿನ ಗಂಟೆ ಹೊಡೆಯುವಾಗ ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ. ಅವಳು ಓಡಿ ಹೋಗಿ ಅವನ ಶರ್ಟ್ ಎಳೆದಳು.

"ಅಪ್ಪಾ, ನೀನು ರೊಟ್ಟಿ ತಗೋಬೇಡ."

"ಯಾಕೆ ಮಗಳೇ?"

ಅವಳು ನೆಲ ನೋಡಿದಳು. ಅಪ್ಪ ಅವಳ ಮುಂದೆ ಕುಕ್ಕರಿಸಿದ. ಆಮೇಲೆ ಮೆಲ್ಲಗೆ ಕೇಳಿದ. "ರಾತ್ರಿ ಎದ್ದಿದ್ಯಾ?"

ಅವಳು ಹೌದೆಂದು ತಲೆ ಆಡಿಸಿದಳು. ಅಪ್ಪ ಬೈಯಲಿಲ್ಲ. ಅವನ ಮುಖದ ಕಳೆ ಇಳಿದುಹೋಯಿತು. ಮುಂದಿನ ಸಾಲಿಗೆ ಹೋಗಬೇಕಾದವನು ಹಿಂದಿನ ಬೆಂಚಿನ ಮೂಲೆಯಲ್ಲಿ ಕೂತ. ಹೆಪ್ಸಿಬಾ ಅವನ ಪಕ್ಕ ಕೂತಳು.

ಪ್ರಭುಭೋಜನದ ಹೊತ್ತು ಬಂತು. ಒಂದೊಂದೇ ಸಾಲಿನವರು ಎದ್ದು ಹೋಗಿ ಮುಂದೆ ಮೊಣಕಾಲೂರಿದರು. ಅಮ್ಮ ಹೋದಳು. ವಾಪಸ್ಸು ಬರುವಾಗ ಬೆಂಚಿನಲ್ಲೇ ಕೂತಿದ್ದ ಅಪ್ಪನನ್ನು ನೋಡಿದಳು. ಅವಳ ಕಾಲು ಒಂದು ಗಳಿಗೆ ನಿಂತೇಬಿಟ್ಟಿತು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ತನ್ನ ಜಾಗಕ್ಕೆ ಹೋದಳು.

ದೊಡ್ಡವರಲ್ಲಿ ಏಳದವನು ಅಪ್ಪ ಒಬ್ಬನೇ. ತಲೆಗಳು ತಿರುಗಿದವು. ಮೇಷ್ಟ್ರ ತಲೆಯೂ ತಿರುಗಿತು.

ನಾನೇ ಅವನನ್ನು ಕೂರಿಸಿದೆ ಎಂದು ಹೆಪ್ಸಿಬಾಳಿಗೆ ಅನಿಸಿತು. ಕಮಿಟಿ ಅಲ್ಲ, ಮೇಷ್ಟ್ರು ಅಲ್ಲ. ನಾನು. ಎದ್ದು ಓಡಿಹೋಗಬೇಕು ಅನಿಸಿತು. ಅಪ್ಪನಿಗೆ ಇನ್ನಷ್ಟು ಒತ್ತಿ ಕೂತಳು.

ಕೀರ್ತನೆ ಶುರುವಾಯಿತು. ಆಗ ಅಯ್ಯನವರು, ಆ ಚರ್ಚಿನ ವಯಸ್ಸಾದ ಪಾದ್ರಿ, ತಟ್ಟೆ ಹಿಡಿದುಕೊಂಡು ಮೆಟ್ಟಿಲಿಳಿದರು. ಉದ್ದನೆಯ ಬಿಳಿ ಅಂಗಿ ಕಾಲಿಗೆ ತೊಡರುತ್ತಿತ್ತು. ನಡುವಿನ ದಾರಿಯಲ್ಲಿ ನಡೆದು ನೇರ ಹಿಂದಿನ ಬೆಂಚಿಗೆ ಬಂದು, ಜನಕ್ಕೆ ಬೆನ್ನು ಮಾಡಿ ಬಾಗಿದರು.

"ಯಾಕೆ ಬರಲಿಲ್ಲ ಅರುಣ್?"

"ಬೇಡ ಅಯ್ಯನೋರೆ. ನಾನು ಮಾತು ತಪ್ಪಿದ್ದೀನಿ."

ಅಪ್ಪನ ಮುಷ್ಟಿ ಬಿಗಿಯಾಗಿತ್ತು. ಅಯ್ಯನವರು ಆ ಮುಷ್ಟಿಯನ್ನು ಹಿಡಿದು, ಮಗುವಿನ ಕೈ ಬಿಡಿಸುವಂತೆ ಬಿಡಿಸಿದರು. ಎಷ್ಟು ತೊಳೆದರೂ ಹೋಗದ ಬೂದು ಬಣ್ಣದ ಪುಡಿ ಉಗುರಿನ ಸಂದಿಯಲ್ಲಿ, ಅಂಗೈಯ ಬಿರುಕುಗಳಲ್ಲಿ ಕೂತಿತ್ತು. ಊರಿನಲ್ಲಿ ಯಾರಿಗೂ ಆ ಪುಡಿಯ ಗುರುತು ಹೇಳಬೇಕಾಗಿಲ್ಲ.

"ಚನ್ನರಾಯಪ್ಪನದಾ?"

"ಹೂಂ."

"ಮುಗೀತಾ?"

ಮುಗಿಯಿತು ಅನ್ನಲಿ, ಇನ್ನು ಮಾಡಲ್ಲ ಅನ್ನಲಿ ಎಂದು ಹೆಪ್ಸಿಬಾ ಮನಸ್ಸಿನಲ್ಲೇ ಬೇಡಿಕೊಂಡಳು. ಅಪ್ಪ ಸುಳ್ಳು ಹೇಳಲಿಲ್ಲ.

"ಇಲ್ಲ ಅಯ್ಯನೋರೆ. ಇನ್ನೂ ಒಂದು ಬೆರಳು ಉಳಿದಿದೆ. ಇವತ್ತು ರಾತ್ರೀನೂ ಕೂರ್ತೀನಿ."

ಅಯ್ಯನವರು ಆ ಅಂಗೈಯನ್ನೇ ನೋಡಿದರು. ಅವರ ಕೈಯಲ್ಲಿದ್ದ ತಟ್ಟೆ ಸಣ್ಣಗೆ ನಡುಗುತ್ತಿತ್ತು. ಅವರಿಗೂ ಭಯವಾಗಿದೆಯಾ? ಹೆಪ್ಸಿಬಾ ಮೇಷ್ಟ್ರ ಕಡೆ ನೋಡಿದಳು. ಮೇಷ್ಟ್ರು ಹಾಡುತ್ತಿರಲಿಲ್ಲ.

"ಕೈ ಚಾಚು," ಅಂದರು ಅಯ್ಯನವರು.

"ಅಯ್ಯನೋರೆ, ನಾನು ಹೇಳಿದ್ದು ನಿಮಗೆ..."

"ಕೇಳಿಸ್ತು ಕಣಪ್ಪಾ. ಕೈ ಚಾಚು."

ಅಪ್ಪ ಕೈ ಚಾಚಿದ. ಪುಡಿ ತುಂಬಿದ ಆ ಅಂಗೈಯ ಮೇಲೆ ಅಯ್ಯನವರು ರೊಟ್ಟಿಯ ಚೂರು ಇಟ್ಟರು. ಅಪ್ಪ ಅದನ್ನು ಬಾಯಿಗೆ ಹಾಕಿಕೊಂಡ. ಕಣ್ಣೀರು ಗಲ್ಲಕ್ಕೆ ಇಳಿದು ಬಿಳಿ ಶರ್ಟಿನ ಮೇಲೆ ಬಿತ್ತು. ಅವನು ಒರೆಸಿಕೊಳ್ಳಲಿಲ್ಲ.

ಹೆಪ್ಸಿಬಾ ಕಾದಳು. ಅಪ್ಪನಿಗೆ ಏನೂ ಆಗಲಿಲ್ಲ. ಅವನು ಎಡಗೈ ಚಾಚಿ, ಬೆಂಚಿನ ಮೇಲಿದ್ದ ಅವಳ ಪುಟ್ಟ ಕೈಯನ್ನು ಹಿಡಿದುಕೊಂಡ. 'ತಗೋಬೇಡ' ಅಂದಿದ್ದವಳ ಕೈಯನ್ನು. ಬಿಡಲೇ ಇಲ್ಲ.

ಆರಾಧನೆ ಮುಗಿಯಿತು. ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡದೆ ಗೇಟಿನ ಕಡೆ ನಡೆದರು. ಬಾಗಿಲಲ್ಲಿ ಮೇಷ್ಟ್ರು ಹೆಪ್ಸಿಬಾಳನ್ನು ತಡೆದರು.

"ಅಯ್ಯನೋರು ನಿಮ್ಮಪ್ಪನ್ನ ಏನು ಕೇಳಿದ್ರಮ್ಮಾ? ಸಂಜೆ ಕಮಿಟಿ ಕೂರುತ್ತೆ. ಪಕ್ಕದಲ್ಲಿ ಇದ್ದವಳು ನೀನೊಬ್ಬಳೇ. ನೋಡು, ಸುಳ್ಳು ಹೇಳಬಾರದು."

ಹೆಪ್ಸಿಬಾ ಸುಳ್ಳು ಹೇಳಲಿಲ್ಲ. "ನಾನು ಹೇಳಲ್ಲ ಸಾರ್," ಅಂದಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಮೇಷ್ಟ್ರ ಹುಬ್ಬು ಗಂಟಾಯಿತು. ಹಿಂದೆ ನಿಂತಿದ್ದ ಜೋಯಲ್ ಬಾಯಿ ತೆರೆದುಕೊಂಡೇ ಇದ್ದ.

ಅವಳು ಓಡಿ ಗೇಟು ದಾಟಿದಳು. ರಸ್ತೆಯಲ್ಲಿ ಅಮ್ಮ ಸ್ವಲ್ಪ ಮುಂದಿದ್ದಳು, ಅಪ್ಪ ದೂರ ಹೋಗಿಬಿಟ್ಟಿದ್ದ. ಹಿಂದಿನಿಂದ ಅವನು ಚನ್ನರಾಯಪ್ಪ ತಾತನಷ್ಟೇ ಮುದುಕನಂತೆ ಕಂಡ. ಸಂಜೆ ಕಮಿಟಿ ಏನು ಮಾಡುತ್ತದೋ. ಅಯ್ಯನವರನ್ನು ಏನು ಮಾಡುತ್ತದೋ. ರಾತ್ರಿ ಮತ್ತೆ ಟಿಕ್ ಟಿಕ್ ಸದ್ದು ಬರುತ್ತದೆ.

ಹೆಪ್ಸಿಬಾ ತನ್ನ ಅಂಗೈ ನೋಡಿಕೊಂಡಳು. ಅಪ್ಪನ ಬೆವರಿಗೆ ಅಂಟಿ ಬಂದಿದ್ದ ಬೂದು ಪುಡಿ ಅಲ್ಲಿ ತೆಳ್ಳಗೆ ಮೆತ್ತಿತ್ತು.

"ಏನೇ ಅದು ಕೈಯಲ್ಲಿ?" ಅಮ್ಮ ತಿರುಗಿ ಕೇಳಿದಳು.

ಅವಳು ಮುಷ್ಟಿ ಮುಚ್ಚಿದಳು. ಬಾಗಿಲಲ್ಲಿ ತಾನು ಅಂದ ಮಾತು, ಅಯ್ಯನವರು ಕೇಳಿದ್ದು, ಅಪ್ಪ ಹೇಳಿದ್ದು, ಆ ತಟ್ಟೆ ನಡುಗಿದ್ದು, ಯಾವುದನ್ನೂ ಯಾರಿಗೂ ಹೇಳುವುದಿಲ್ಲ. ಅಮ್ಮನಿಗೂ.