ಪರದೆಯ ಉಂಗುರಗಳು

ಕಡಲತಡಿಯ ಹಳೆಯ ದೀಪಸ್ತಂಭದ ತುದಿಯಲ್ಲಿ ಹೊಗೆ ಕಂಡು ಮೊದಲು ಕೂಗಿಕೊಂಡವಳು ಅಕ್ಕ. ಕೆಳಗೆ ಹಳೆಯ ಬಾಗಿಲಿಗೆ ಮರಳುಕಾಗದ ಉಜ್ಜುತ್ತಿದ್ದಳು. ಎಲ್ಲರೂ ನೀರು ಹೊತ್ತು ಸುತ್ತುಮೆಟ್ಟಿಲು ಹತ್ತುವಷ್ಟರಲ್ಲಿ ಹೊಸ ಹಲಗೆ, ಒರೆಸುವ ಬಟ್ಟೆ, ಕಿಟಕಿಗಳ ಪರದೆ— ಎಲ್ಲವೂ ಬೂದಿ. ಸ್ತಂಭದ ದುರಸ್ತಿಗೆ ನಿಂತಿದ್ದ ಯುವ ಸೇವಾತಂಡದ ಎರಡು ಬೇಸಿಗೆಗಳ ಬೆವರು! ನಡುವೆ, ದೀಪದ ಜಾಗವನ್ನು ಸುತ್ತುವರಿದ ಆಳೆತ್ತರದ ಗಾಜಿನ ಮಸೂರ ಮಾತ್ರ ಮಸಿ ಮೆತ್ತಿಕೊಂಡು ನಿಂತಿತ್ತು.

ಬೆರಳುಗಳೆಲ್ಲ ಅಕ್ಕನ ತಮ್ಮನ ಕಡೆ ತಿರುಗಿದವು. ಸಿಗರೇಟಿನ ಚಟದಿಂದ ತಂಡದಲ್ಲಿ ಅವನಿಗೆ ‘ಹೊಗೆ’ ಎಂದೇ ಹೆಸರು. ಅವನು ಚಟ ಬಿಟ್ಟಿದ್ದ. ಹೆಸರು ಅವನನ್ನು ಬಿಟ್ಟಿರಲಿಲ್ಲ.

ಬಿಟ್ಟಿದ್ದನೆ? ಬೆಂಕಿ ಆರಿದ ಕೂಡಲೇ ಅಕ್ಕ ಅವನ ಚೀಲ ತಡಕಿದ್ದಳು. ಕೈಗೆ ಸಿಕ್ಕಿದ್ದು ಬೆಂಕಿಪೊಟ್ಟಣ. ಒಳಗೇನೋ ಗಲಗಲ ಎಂದಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದವಳು ಇನ್ನೂ ಬಿಟ್ಟಿರಲಿಲ್ಲ.

ಮಧ್ಯಾಹ್ನ ಅಗ್ನಿಶಾಮಕ ದಳದ ತನಿಖಾಧಿಕಾರಿ ಬಂದರು. ನಡುವಯಸ್ಸಿನ ಹೆಂಗಸು, ಮಾತು ಕಡಿಮೆ, ಕಣ್ಣು ಜಾಸ್ತಿ. ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ತಂಡದ ನಾಯಕ ಮೆಟ್ಟಿಲಲ್ಲೇ ಮೊಬೈಲ್ ಹಿಡಿದ. “ಹೇಗಿತ್ತು ನೋಡಿ ಮೇಡಂ, ನಮ್ಮ ಮಸೂರ!” ಚಿತ್ರದಲ್ಲಿ ಹಿತ್ತಾಳೆ ಚೌಕಟ್ಟು ಫಳಫಳ ಹೊಳೆಯುತ್ತಿತ್ತು. ಗಾಜಿನೊಳಗೆ ಕಡಲು ತಲೆಕೆಳಗಾಗಿ ನೇತಾಡುತ್ತಿತ್ತು.

“ಚೆನ್ನಾಗಿದೆ,” ಎಂದರು ಅಧಿಕಾರಿ. ಮೇಲಿನ ಕೋಣೆಯಲ್ಲಿ ನಿಂತು ಕೇಳಿದರು: “ಇಲ್ಲಿಂದ ಕೊನೆಗೆ ಇಳಿದವರು?”

“ಇವನೇ.” ಕ್ಯಾಪ್ಟನ್ ಹೊಗೆಯ ಕಡೆ ಕೈ ತೋರಿಸಿದ. “ನಾಯಿ ಬಾಲ ನೆಟ್ಟಗಾಗುತ್ತಾ ಮೇಡಂ? ಪೊಲೀಸರಿಗೆ ಕೊಡೋಣ ಅಂತಿದ್ದೀನಿ.”

“ನಾನು ಸೇದಿಲ್ಲ!” ಹೊಗೆಯ ದನಿ ಒಡೆಯಿತು.

“ಸೇದಿದ್ಯಾ ಅಂತ ನಾನು ಕೇಳ್ಲಿಲ್ಲಪ್ಪ. ಏನು ಕೆಲಸ ಮಾಡ್ತಿದ್ದೆ?”

“ಹಿತ್ತಾಳೆ ಉಜ್ಜೋದು. ಇವತ್ತು ಬೆಳಿಗ್ಗೆ ಮುಗೀತು. ಮುಗಿಸಿ ಇಳಿದೆ.”

“ಒರೆಸೋ ಬಟ್ಟೆ?”

“ಮಸೂರದೊಳಗೆ, ದೀಪ ಇಡೋ ಕಟ್ಟೆ ಮೇಲೆ.”

“ಪರದೆ?”

“ಮುಚ್ಚಿತ್ತು ಮೇಡಂ!” ಕ್ಯಾಪ್ಟನ್ ನಡುವೆ ಬಾಯಿ ಹಾಕಿದ. “ಹಗಲು ಪರದೆ ಸರಿಸಬಾರದು— ನಾನೇ ಮಾಡಿದ ನಿಯಮ. ಯಾರೂ ಮುಟ್ಟಲ್ಲ.”

“ನೀವು ಇವತ್ತು ಮೇಲೆ ಬಂದಿದ್ರಾ?”

“ಇಲ್ಲ. ಕೆಳಗೆ ಸುಣ್ಣ ಕಲಸ್ತಿದ್ದೆ.”

ಅಧಿಕಾರಿ ಬೂದಿಯನ್ನು ನೋಡಲಿಲ್ಲ. ತಲೆಯೆತ್ತಿ ಪರದೆಯ ಸರಳನ್ನು ನೋಡಿದರು. ಕೆಳಗಿನಿಂದ ಕುರ್ಚಿ ತರಿಸಿ ಹತ್ತಿ, ಒಂದು ಮೂಲೆಯಲ್ಲಿ ಗುಂಪಾಗಿದ್ದ ಉಂಗುರಗಳನ್ನು ಬೆರಳಿನಿಂದ ಸರಿಸಿದರು. ಬಾಗಿಲ ಬಳಿ ನಿಂತಿದ್ದ ಅಕ್ಕ ಮುಷ್ಟಿಯನ್ನು ಬೆನ್ನ ಹಿಂದೆ ಸರಿಸಿದಳು.

“ಸರಳಿಗೆಲ್ಲ ಮಸಿ. ಈ ಉಂಗುರಗಳ ಅಡಿ ಮಾತ್ರ ಮಸಿಯಿಲ್ಲ. ಬೆಂಕಿ ಹತ್ತಿದಾಗ ಇವು ಇದೇ ಮೂಲೆಯಲ್ಲಿದ್ದವು. ಅಂದ್ರೆ ಪರದೆ ತೆರೆದಿತ್ತು.”

ಅಧಿಕಾರಿ ಕುರ್ಚಿಯಿಂದ ಇಳಿದು ಮಸೂರದ ಕಡೆ ಕೈ ತೋರಿಸಿದರು.

“ಒಳಗಿನ ದೀಪದ ಬೆಳಕನ್ನು ಈ ಮಸೂರ ದೂರದ ಕಡಲಿಗೆ ಕಳಿಸುತ್ತೆ. ಹೊರಗಿನ ಬಿಸಿಲನ್ನು ಅದೇ ದಾರಿಯಲ್ಲಿ ಒಳಗೆ ತರುತ್ತೆ. ಎಲ್ಲಿಗೆ? ದೀಪದ ಕಟ್ಟೆಗೆ. ಅಲ್ಲಿದ್ದದ್ದು ಒಣಬಟ್ಟೆ. ಕಡ್ಡಿ ಗೀರೋದೇ ಬೇಡ.”

“ಹಾಗಾದ್ರೆ ಇವನೇ ತೆರೆದಿರಬೇಕು—”

“ಕ್ಯಾಪ್ಟನ್, ಆ ಚಿತ್ರ ಇನ್ನೊಮ್ಮೆ ತೋರಿಸಿ.”

ಕ್ಯಾಪ್ಟನ್ ಮೊಬೈಲ್ ತೆಗೆಯಲಿಲ್ಲ.

“ಹಿತ್ತಾಳೆ ಹೊಳಪಿಗೆ ಬಂದದ್ದು ಇವತ್ತು ಬೆಳಿಗ್ಗೆ. ಆ ಹೊಳಪು ನಿಮ್ಮ ಚಿತ್ರದಲ್ಲಿದೆ. ಅಂದ್ರೆ ಇವನು ಇಳಿದ ಮೇಲೆ ನೀವು ಹತ್ತಿದ್ದೀರಿ. ಪರದೆ ಮುಚ್ಚಿದ್ರೆ ಗಾಜಿನೊಳಗೆ ಕಡಲು ಎಲ್ಲಿಂದ ಬಂತು?”

ಕ್ಯಾಪ್ಟನ್ ಗೋಡೆಗೆ ಒರಗಿದ. “ಪರದೆ ಧೂಳು ತಡೆಯೋಕೆ ಅಂತಲೇ ತಿಳಿದಿದ್ದೆ… ಎಳೆದು ಬರೋದು ಮರೆತೆ. ಬಿಸಿಲಿಂದ ಹತ್ತಿದ್ದು ಅಂತ ಗೊತ್ತಿರ್ಲಿಲ್ಲ ಮೇಡಂ.”

“ಮರೆತದ್ದು ತಪ್ಪು. ತೆರೆದದ್ದು ನೀವೇ ಅಂತ ಗೊತ್ತಿದ್ದೂ ಈ ಹುಡುಗನನ್ನು ಮುಂದೆ ತಳ್ಳಿದ್ದು ಬೇರೆ. ವರದಿಯಲ್ಲಿ ಎರಡನ್ನೂ ಬರೀತೀನಿ.” ಅಧಿಕಾರಿ ಇಳಿಯಲು ಹೊರಟವರು ಅಕ್ಕನ ಬಳಿ ನಿಂತರು. “ಆಗಿನಿಂದ ಹಿಡಿದಿದ್ದೀಯಲ್ಲಮ್ಮ, ಅದನ್ನು ಅವನಿಗೆ ಕೊಟ್ಟುಬಿಡು.”

ಅಕ್ಕ ಮುಷ್ಟಿ ಬಿಚ್ಚಿದಳು. ತಮ್ಮ ಬೆಂಕಿಪೊಟ್ಟಣ ತೆಗೆದುಕೊಂಡು ಅಂಗೈಗೆ ಸುರಿದುಕೊಂಡ. ಒಂದೂ ಕಡ್ಡಿಯಿಲ್ಲ. ಮಸೂರದ ಚೌಕಟ್ಟಿನ ಪುಟ್ಟ ಹಿತ್ತಾಳೆ ತಿರುಪುಗಳು.

“ಕಳೆದುಹೋಗ್ತವೆ ಅಂತ ಇದರಲ್ಲಿ ಇಟ್ಟಿದ್ದೆ,” ಎಂದ. ಒಂದೊಂದಾಗಿ ಹಿಂದಕ್ಕೆ ಹಾಕಿದ. “ನೀನು ತೆರೆದು ನೋಡಬಹುದಿತ್ತಲ್ಲ, ಅಕ್ಕ?”